ಸಡಿಲ

ನಿಯಮ ಪುಸ್ತಕದ ಹದಿನಾಲ್ಕನೆಯ ಪುಟ ಹೇಳುತ್ತದೆ:
ನಡೆಸುವವನು ಕರಿ ಪರದೆಯ ಹಿಂದೆ ಕೂರಬೇಕು,
ನೀರು ನೋಡಬಾರದು.
ಕೊಳದಂಚಿನಲ್ಲಿ ಕೇಬಲ್ ಹಿಡಿದು ನಿಂತವಳು
ನೀರು ನೋಡಬಹುದು, ಮಾತಾಡಬಾರದು.
ನಿಂತವಳು ನಾನು.

ಅಲೆಕ್ಸಾಂಡ್ರಿಯಾದ ಅನ್ಫೂಶಿಯಲ್ಲಿ, ದೋಣಿ ಕಟ್ಟುವಲ್ಲಿ,
ಉಸ್ತಾ ಶಲಬಿಯ ಬಣ್ಣದ ಡಬ್ಬಗಳ ಅಟ್ಟದ ಮೇಲೆ
ಏಳು ತಿಂಗಳು ಕಟ್ಟಿದೆವು ಅದನ್ನು:
ಬಿಳಿ ಪಿವಿಸಿ ಕೊಳವೆ, ದೋಣಿತಳದ ನೀರೆತ್ತುವ ನಾಲ್ಕು ಮೋಟರು,
ತೇಲಿಸಲು ಫ್ರಿಜ್ಜಿನ ಪೆಟ್ಟಿಗೆಯ ಥರ್ಮೋಕೋಲು,
ಮತ್ತೆ ನದ್ರಾಳ ತಮ್ಮನ ಹವಾಯಿ ಚಪ್ಪಲಿ, ಎಡಗಾಲಿನದು.
ಬಲಗಾಲಿನದನ್ನು ಅವನು ಕೊಡಲೇ ಇಲ್ಲ;
ಒಂದು ಬದಿಗೆ ವಾಲುತ್ತಿದ್ದುದನ್ನು
ವಾಷರು ಕಟ್ಟಿ ಕಟ್ಟಿ ನೆಟ್ಟಗೆ ಮಾಡಿದೆವು.
ಹೆಸರು ಬೂರಿ. ನಮ್ಮೂರಲ್ಲಿ
ಗೋಧಿ ಹೊಟ್ಟಿನಲ್ಲಿ ಹೊರಳಿಸಿ ಸುಡುವ ಮೀನು.
ಉಸ್ತಾ ಶಲಬಿ ಬೀಡಿಯೊಳಗಿಂದ ನಕ್ಕರು:
ಅಲ್ಲ ಮಕ್ಕಳೇ, ಜನ ತೇಲೋಕೆ ಕಲೀತಾರೆ,
ಮುಳುಗೋಕೆ ಇಷ್ಟು ಓದಬೇಕಾ?

ಮಾರ್ಚ್‌ನಲ್ಲಿ ಮೊದಲ ಸಲ ಮೂರು ಮೀಟರ್ ಇಳಿಸಿದಾಗ
ಗಾಜಿನಂಥ ಕೊಳವೆಯೊಳಗೆ ನೀರು.
ಒಂದು ಚಮಚ, ಅಷ್ಟೇ.
ಬೋರ್ಡು ಸೀದ ಬೆಳ್ಳುಳ್ಳಿಯ ವಾಸನೆ ಹೊಡೆಯಿತು.
ಬಿಶೋಯ್ ಮುಚ್ಚಳ ತಿರುವಿ, ರಬ್ಬರಿನ ಬಳೆಯನ್ನು
ಉಗುರಿನಿಂದ ಎಬ್ಬಿಸಿ, ದೀಪಕ್ಕೆ ಹಿಡಿದ.
ಬಳೆಗೆ ಸುತ್ತಿಕೊಂಡಿತ್ತು ಒಂದು ಕೂದಲು.
ಉದ್ದ.

ಬಿಶೋಯನದು ಬೋಳಿಸಿದ ತಲೆ. ನದ್ರಾಳದು ಹಿಜಾಬಿನೊಳಗೆ.
ತಾಮಿರನದು ಸ್ಪ್ರಿಂಗಿನಂಥ ಗುಂಗುರು.
ಜಡೆಯನ್ನು ಅಂಗಿಯ ಕಾಲರಿನೊಳಗೆ ತೂರಿಸುತ್ತ
'ಗ್ರೀಸು ಸಾಲಲಿಲ್ಲವೇನೋ' ಅಂದೆ.
ಕೂದಲೆಳೆಯಷ್ಟು ಅಂತರ ಅನ್ನುತ್ತಾರಲ್ಲ,
ಅದರೊಳಗೆ ಒಂದು ಸಮುದ್ರ ನುಗ್ಗಬಹುದು.
ಯಾರೂ ಏನೂ ಕೇಳಲಿಲ್ಲ. ಕೇಳದಿದ್ದುದೇ ಭಾರ.
ಹೊಸ ಬೋರ್ಡಿಗೆ ನದ್ರಾ ಕಿವಿಯ ರಿಂಗು ಮಾರಿದಳು.

ಮೇ. ಕೊಳ. ಹದಿನೈದು ನಿಮಿಷ.
ಕೇಬಲ್ ಹಿಡಿಯುವುದೆಂದರೆ ಎಳೆಯುವುದಲ್ಲ.
ಬಿಗಿ ಹಿಡಿದರೆ ಬೂರಿ ಗಾಳಿಪಟ;
ತೀರ ಬಿಟ್ಟರೆ ತನ್ನ ಕರುಳಿಗೆ ತಾನೇ ಸಿಕ್ಕುವ ಮೀನು.
ಬೇಕಾದಷ್ಟು, ಬೇಕಾಗುವುದಕ್ಕೆ ತುಸು ಮೊದಲು.
ಇದಿಷ್ಟೇ ನನ್ನ ವಿದ್ಯೆ.

ಒಂಬತ್ತನೆಯ ನಿಮಿಷ. ಮೂರನೆಯ ಉಂಗುರ ಎತ್ತಲು ಹೊರಟ ಬೂರಿ
ಚೌಕಟ್ಟನ್ನು ಎಡದಿಂದ ಹೊಕ್ಕು ಬಲದಿಂದ ಹೊರಬಿತ್ತು.
ಮೂಲೆಗೆ ಸಿಕ್ಕಿತು ಕೇಬಲು.
ನನಗೆ ಕಂಡಿತು. ಅವನಿಗೆ ಕಾಣದು.
ಪರದೆಯ ಹಿಂದಿನ ಅವನ ಆತುರ
ಮೋಟರಿನಲ್ಲಿ ಕಿರುಚಿ, ತಂತಿಯಲ್ಲಿ ನಡುಗಿ,
ನನ್ನ ಅಂಗೈಗೆ ಬಂತು.
ಹಿಂದೆ ಬಾ ಮಾರಾಯ, ಎಡಕ್ಕೆ, ಬಂದ ದಾರಿಯಲ್ಲೇ,
ಎಲ್ಲ ನಾಲಿಗೆಯ ತುದಿಯಲ್ಲೇ.
ತೀರ್ಪುಗಾರ್ತಿ ನನ್ನ ತುಟಿಯನ್ನೇ ನೋಡುತ್ತಿದ್ದಳು.
ಎರಡು ಸಲ ಜಗ್ಗಿದ್ದರೆ ಅವನಿಗೆ ತಿಳಿಯುತ್ತಿತ್ತು;
ಜಗ್ಗುವುದೂ ಮಾತೇ.
ಎರಡು ತಿಂಗಳಿಂದ ಸುಮ್ಮನಿದ್ದು ರೂಢಿಯಾದವಳು
ಸುಮ್ಮನಿದ್ದೆ.
ಒಂದು ಮೊಳ ಬಿಟ್ಟೆ. ಇನ್ನೊಂದು ಮೊಳ.
ಹಳದಿ ಕೇಬಲು ತಳಕ್ಕಿಳಿದು ಸುರುಳಿಯಾಗಿ ಮಲಗಿತು.
ಮೋಟರು ನಿಂತವು.
ಅವನು ಯೋಚಿಸುತ್ತಿದ್ದ, ನೀರಿಗೂ ಗೊತ್ತಾಗುವಂತೆ.
ಆಮೇಲೆ ಬೂರಿ, ಮೆಲ್ಲಗೆ, ಹಿಂಬದಿಯಾಗಿ

ಹೊರಬರುವಷ್ಟರಲ್ಲಿ ಗಂಟೆ ಹೊಡೆಯಿತು.
ಇಪ್ಪತ್ತಮೂರರಲ್ಲಿ ಹನ್ನೆರಡನೆಯ ಸ್ಥಾನ.

ಬಸ್ಸಿನಲ್ಲಿ ಅಂಕ ಬರೆಯಲು ತಂಡದ ದಾಖಲೆ ಪುಸ್ತಕ ತೆರೆದೆ.
ಮಾರ್ಚ್ ಪುಟದಲ್ಲಿ, ಟೇಪಿನಡಿ, ಆ ಕೂದಲು,
ನೆಟ್ಟಗೆ ಹಿಡಿದು ಅಂಟಿಸಿದ್ದು.
ಬಿಶೋಯನ ಇರುವೆಯಂಥ ಅಕ್ಷರ:
ಸೋರಿಕೆಗೆ ಕಾರಣ, ಕೂದಲು, ಒಂದು. ಉದ್ದ ನಲವತ್ತೊಂದು ಸೆಂಟಿಮೀಟರ್.
ಪರಿಹಾರ, ಮುಚ್ಚುವ ಮೊದಲು ಬೆರಳಾಡಿಸಿ ನೋಡುವುದು.
ಯಾರಿಂದ ಎಂಬ ಅಂಕಣವೂ ಇತ್ತು.
ಖಾಲಿ ಬಿಟ್ಟಿದ್ದ.

ಎದುರಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ ಅವನು,
ಒದ್ದೆ ಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು.
ಪೆನ್ನಿನ ಮುಚ್ಚಳ ತೆಗೆದೆ.
ಬಸ್ಸು ಕುಲುಕುತ್ತಿತ್ತು.
ರಾವ್ಯಾ ಎಂಬುದು ವಕ್ರವಾಗಿ ಬಂತು.