ರಸೀದಿ

ನನ್ನ ಹೆಸರು ರಸೀದಿ.
ನಾನು ಹುಟ್ಟಿದ ದಿನ ಅಪ್ಪ ಶಿವಮೊಗ್ಗದ ಸಂತೆಯಲ್ಲಿ
ಪಿನ್ನು, ಬಾಚಣಿಗೆ ಮಾರಿ ನೆಲಬಾಡಿಗೆ ಕಟ್ಟಿದ್ದನಂತೆ.
ಮೊದಲ ಸಲ ಕೈಗೊಂದು ಚೀಟಿ ಸಿಕ್ಕಿತಂತೆ.
‘ಇವನು ಕಳ್ಳನಲ್ಲ ಅಂತ ಬರೆದುಕೊಟ್ಟರು ನೋಡು’
ಅಂತ ಅದನ್ನೇ ತೊಟ್ಟಿಲಿಗೆ ಸಿಕ್ಕಿಸಿದನಂತೆ.

ಹೆಡ್‌ಮಾಸ್ತರು ನಕ್ಕರು.
ಹಾಜರಿ ಪುಸ್ತಕದಲ್ಲಿ ರಶ್ಮಿ ಅಂತ ತಿದ್ದಿದರು.
ಒಳ್ಳೆಯ ಮನುಷ್ಯ, ಬಳಪ ಕೊಡಿಸಿದವರು.
ಒಂದು ಇಡೀ ಕತೆಗೆ ಗೀಟು ಹಾಕಿದೆ ಅಂತ
ಅವರಿಗೆ ಹೊಳೆದಿರಲಾರದು.

ನಮ್ಮ ಹಕ್ಕಿಪಿಕ್ಕಿ ಕ್ಯಾಂಪಿನಲ್ಲಿ
ಹೆಸರು ಹಿಡಿದು ಕೂಗಿದರೆ ಸಾಕು,
ಯಾವ ಊರು, ಯಾವ ಹೊತ್ತು, ಯಾರು ಅಟ್ಟಿದರು,
ಎಲ್ಲ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತವೆ.
ಅಜ್ಜಿ ಟೇಸನ್ನಿ:
ಕುಂಸಿಯ ಕಲ್ಲುಬೆಂಚು, ತಾಳಗುಪ್ಪದ ರೈಲು ತಡ.

ಈಗ ನಾನು ಶಂಕರಘಟ್ಟದ ವಿದ್ಯಾರ್ಥಿನಿ.
ವಿಷಯ: ಲಿಪಿಯಿಲ್ಲದ ವಾಗ್ರಿ.
ಲೈಬ್ರರಿಯಲ್ಲಿ ಓದಿದ್ದನ್ನು ಅಜ್ಜಿಗೆ ಹೇಳಿದೆ:
ಕಡಲಾಚೆ ಗರಿಫುನಾ ಅಂತ ಒಂದು ಜನ,
ಹಡಗಿಗೆ ತುಂಬಿ ಪರದಂಡೆಗೆ ಎಸೆದರಂತೆ,
ಮರಗೆಣಸನ್ನು ಬಟ್ಟೆಯೊಳಗೆ ಬಚ್ಚಿಟ್ಟು,
ಮೈಬೆವರಲ್ಲೇ ಜೀವ ಹಿಡಿದು ತಂದರಂತೆ,
ಇವತ್ತಿಗೂ ಅದನ್ನು ಹಾಡಿ ಹೇಳುತ್ತಾರಂತೆ.

ಅಜ್ಜಿ ಎಲೆಯಡಿಕೆ ಉಗಿದು ಕೇಳಿದಳು:
‘ಅವರು ಯಾವ ಹಕ್ಕಿ ಹಿಡೀತಾರೆ?’
ಗೊತ್ತಿಲ್ಲ ಅಂದೆ.
‘ಮತ್ತೇನು ಓದಿದ್ದೀ?’

ಆಮೇಲೆ ಮೊಬೈಲು ಮುಂದಿಟ್ಟು ಕತೆ ಹೇಳಿಸಿದೆ.
ಯಾವನೋ ರಾಜ ಸೋತದ್ದು, ನಮ್ಮವರು ಕಾಡು ಹೊಕ್ಕದ್ದು,
ಗೌಜಲಹಕ್ಕಿ ದಾರಿ ತೋರಿಸಿದ್ದು.
ಹಕ್ಕಿ ಬಂದ ಕಡೆಯೆಲ್ಲ ಅಜ್ಜಿ ಮಾತು ಬಿಟ್ಟು
ಅಂಗೈ ಬಾಯಿಗೆ ಒತ್ತಿ ಕೂಗುತ್ತಾಳೆ.
ಅಲ್ಲಿ ನನ್ನ ಪೆನ್ನು ನಿಂತಿತು.
ಐವತ್ತು ಚಿಲ್ಲರೆ ಅಕ್ಷರ ಕಲಿತಿದ್ದೇನೆ,
ಒತ್ತು, ದೀರ್ಘ, ಅರ್ಕಾವತ್ತು;
ಕಾಗದದಲ್ಲಿ ಖಾಲಿ ಬಿಟ್ಟು ಆವರಣ ಹಾಕಿದೆ,
ಒಳಗೆ ಬರೆದೆ: ‘ಹಕ್ಕಿ ಕೂಗು’.
ನಾಚಿಕೆಯಾಯಿತು.

ಸಂಜೆ ಅಜ್ಜಿಗೆ ಜೊಂಪು ಹತ್ತಿತ್ತು.
ಸರಿಯಾಗಿ ಬಂತೋ ಅಂತ ಮೊಬೈಲು ಹಾಕಿದೆ.
ರಾಜ ಸೋತ. ಕಾಡು ಬಂತು. ಕೂಗು ಬಂತು.
ಚಾನೆಲ್ ದಂಡೆಯ ಲಂಟಾನದಿಂದ
ಇನ್ನೊಂದು ಕೂಗು.

ನಿಲ್ಲಿಸಿದೆ. ಮತ್ತೆ ಅದೇ, ಇನ್ನೂ ಹತ್ತಿರ.

ಅಜ್ಜಿ ಕಣ್ಣು ಬಿಡಲಿಲ್ಲ.
ಅವಳ ಬಲಗೈ ಮಾತ್ರ ಚಾಪೆಯ ಪಕ್ಕ
ಮೆಲ್ಲಗೆ ತಡಕುತ್ತಿತ್ತು,
ಫಾರೆಸ್ಟಿನವರು ಎಂದೋ ಸುಟ್ಟ ಬಲೆಗಾಗಿ.

ಎರಡನೆಯ ಕರಡಿನ ಮೊದಲ ಪುಟದಲ್ಲಿ
ರಶ್ಮಿ ಅಂತಿದ್ದದ್ದನ್ನು ನಾನೇ ತಿದ್ದಿದೆ.