ಹದಿನೈದಕ್ಕೆ ಇಳಿಸು

ಬಿದಿಯಾದ ಕೊನೆಯ ಪಂಕ್ಚರ್ ಅಂಗಡಿ.
ಕಣ್ಣೂರಿನ ಹುಡುಗ ಕುಕ್ಕರಗಾಲಲ್ಲಿ ಕೂತು
ಒಂದೊಂದೇ ಚಕ್ರದ ಉಸಿರು ಬಿಡಿಸುತ್ತಾನೆ.
ಮೂವತ್ತೈದು. ಇಪ್ಪತ್ತೆಂಟು. ಇಪ್ಪತ್ತು.
'ಸಾಕು' ಎನ್ನುತ್ತಾನೆ ವಿಲ್ಫ್ರೆಡ್.
'ಹದಿನೈದು' ಎನ್ನುತ್ತಾನೆ ಹುಡುಗ, ತಲೆಯೆತ್ತದೆ.
'ಹದಿನೆಂಟಕ್ಕೆ ನಿಲ್ಲಿಸು.'
ಗಂಡಸರಿಗೆ ಗಾಳಿಯಲ್ಲೂ ಚೌಕಾಸಿ.

ನಾನು ಮೂಗು ತೂರಿಸಲಿಲ್ಲ.
ಇಬ್ರಾದ ಮೈದಾನದಲ್ಲಿ, ಡ್ರಮ್ಮುಗಳ ನಡುವೆ
ಹಿಂದಕ್ಕೆ ಹೋಗುವ ಪರೀಕ್ಷೆಯಲ್ಲಿ
ಮೂರು ಸಲ ಡ್ರಮ್ಮು ಉರುಳಿಸಿದವಳು.
ಮೂರನೇ ಸಲ ಪೊಲೀಸಪ್ಪ ನಕ್ಕೇಬಿಟ್ಟಿದ್ದ.
ಆಸ್ಪತ್ರೆಯ ಲ್ಯಾಬಿನಲ್ಲಿ, ಕಣ್ಣಿಗೆ ಕಾಣದ ನರಕ್ಕೂ
ಸೂಜಿ ತಪ್ಪದ ಕೈ ಇದು.
ಸ್ಟೀರಿಂಗ್ ಹಿಡಿದರೆ ಬೇರೆ ಯಾರದೋ.

ಡಾಂಬರು ಮುಗಿದದ್ದು ಗೊತ್ತಾಗಲೇ ಇಲ್ಲ.
ರಸ್ತೆಯೆಂದರೆ ಇಲ್ಲಿ ನಿನ್ನೆ ಹೋದವನ ಅಭಿಪ್ರಾಯ,
ಗಾಳಿ ಒಪ್ಪಿದರೆ ಉಂಟು.
ಎಡಕ್ಕೊಂದು ಕೆಂಪು ದಿಬ್ಬ, ಬಲಕ್ಕೊಂದು,
ಘಾಫ್ ಮರದ ಕೆಳಗೆ ಮೂತಿ ತಿರುಗಿಸಿದ ಒಂಟೆ,
ನೀರಿಲ್ಲದ ಟ್ಯಾಂಕು, ನೀಲಿಯದು.
ವಿಲ್ಫ್ರೆಡ್ ಸಿಳ್ಳೆ ಹಾಕುತ್ತಿದ್ದ.
ಮೂವತ್ತನೇ ಕಿಲೋಮೀಟರಿಗೆ ಸಿಳ್ಳೆ ನಿಂತಿತು.

ಗಾಡಿ ಹೊಟ್ಟೆಯ ಮೇಲೆ ಮಲಗಿತ್ತು,
ಮೊಟ್ಟೆಯಿಡಲು ದಡ ಹತ್ತಿದ ಆಮೆಯ ಹಾಗೆ.
ಸಲಿಕೆ, ಹಲಗೆ, ಕಾಲೊರೆಸುವ ಚಾಪೆ,
ಕೊನೆಗೆ ನನ್ನ ಕಡೆ ಒಂದು ನೋಟ.
ಅದರಲ್ಲಿ ಹದಿನೆಂಟರ ಮಾತು ಇರಲಿಲ್ಲ.

ಅಲ್ಲೇ ಡೇರೆ. ಮರಳಿನಲ್ಲಿ ಗೂಟ ನಿಲ್ಲದು,
ಚೀಲಕ್ಕೆ ಮರಳು ತುಂಬಿ, ಹೂತು, ಹಗ್ಗ ಕಟ್ಟಿದೆವು.
ಖುಬೂಸ್, ಒಣ ಸಿಗಡಿ ಚಟ್ನಿ.
ಬೆಂಕಿ ಆರಿದ ಮೇಲೆ ನಕ್ಷತ್ರ ಎಷ್ಟೆಂದರೆ
ಜಗಳವಾಡಲು ಇಬ್ಬರಿಗೂ ನಾಚಿಕೆ.

ಬೆಳಿಗ್ಗೆ ಬಂದವಳು ಗುಬೈಶಾ.
ತಗ್ಗಿದ ಬಂಪರಿನ ಪಿಕಪ್ಪು, ಹಿಂದೆ ಮೂರು ಆಡು,
ಮೂಗಿನ ಮೇಲೆ ಏಣೆದ್ದ ಮುಖವಾಡ, ಬರಿಗಾಲು.
ವಿಲ್ಫ್ರೆಡ್‌ನ ಸಲಾಮಿಗೆ ಸಲಾಮು ಕೊಟ್ಟು
ನೇರ ಚಕ್ರದ ಬಳಿ ಕೂತಳು,
ಕೀಲಿಯ ತುದಿಯಿಂದ ಮುಳ್ಳು ಒತ್ತಿದಳು.
ಮೀಟರ್ ಇರಲಿಲ್ಲ, ಹೆಬ್ಬೆರಳಿತ್ತು.
ರಬ್ಬರಿನ ಮೇಲೆ ಅದು ಒತ್ತಿ, ಕಾದು, ಸರಿದ ರೀತಿ
ನನಗೆ ಗೊತ್ತು. ದಿನಕ್ಕೆ ನಲವತ್ತು ತೋಳಿನ ಮೇಲೆ
ನನ್ನ ಬೆರಳೂ ಹಾಗೇ.

ಹೊಟ್ಟೆಯಡಿಯ ಮರಳು ಕೈಯಲ್ಲೇ ತೋಡಿ
ನನ್ನತ್ತ ಗದ್ದ ಎತ್ತಿದಳು: ನೀನು.
ಲೈಸೆನ್ಸ್ ಇಲ್ಲ, ಡ್ರಮ್ಮು, ಮೂರು ಸಲ...
ನನ್ನ ಹರುಕು ಅರಬ್ಬಿ.
ಅವಳು ಸುತ್ತ ಕಣ್ಣು ಹಾಯಿಸಿದಳು,
ಎಲ್ಲಿ ಡ್ರಮ್ಮು ಎಂಬಂತೆ.

ಮುಂದಕ್ಕಲ್ಲ, ಅಂದಳು. ಹಿಂದಕ್ಕೆ.
ನೀವು ಬಂದ ಗೆರೆಯೇ ಗಟ್ಟಿ.
ಉಸಿರು ಹಿಡಿದೆ, ಸಿರಿಂಜಿಗೆ ಹಿಡಿಯುವಷ್ಟು,
ಮೆಲ್ಲಗೆ ಕಾಲಿಟ್ಟೆ.
ಮರಳು ಒಮ್ಮೆ ನರಳಿ, ಬಿಟ್ಟುಕೊಟ್ಟಿತು.

ಚಹಾ ಕುಡಿಯುತ್ತ ಸಿಗಡಿ ಮೂಸಿದಳು ಗುಬೈಶಾ,
'ನಮ್ಮ ಕಡಲಿನದು' ಅಂದಳು.
'ಇಲ್ಲ, ನಮ್ಮದು' ಅಂದೆ.
ಯಾರೂ ಸೋಲಲಿಲ್ಲ. ಆಡು ಕೆಮ್ಮಿತು.

ಕಡಲು ಇನ್ನೂ ತೊಂಬತ್ತು ಕಿಲೋಮೀಟರ್.
ನಾನು ಇಳಿಯಲಿಲ್ಲ, ಅವನು ಕೇಳಲಿಲ್ಲ.
ಪಕ್ಕದ ಸೀಟಿನ ಬೆಲ್ಟು ಎಲ್ಲಿ ಸಿಗುತ್ತದೆಂದು
ವಿಲ್ಫ್ರೆಡ್ ತುಂಬ ಹೊತ್ತು ಹುಡುಕಿದ.