ಲಾಭ, ಎರಡು, ಮೂರು

ಸಂಕಪ್ಪಶೆಟ್ಟರ ವಖಾರಿ ಅಂದರ
ಗದಗಿನ ಆಟೋದವರಿಗೆ ಇನ್ನೂ ಗೊತ್ತು.
ಸಂಕಲ್ಪ ರೆಸಿಡೆನ್ಸಿ ಅಂದರ
ಬೆಟಗೇರಿ ತನಕ ಸುತ್ತಿಸಿ ತರತಾರ.

ನಮ್ಮದು ಮೂರನೇ ಮಜಲಿ, ಹತ್ತಿಯ ಅಟ್ಟ.
ಕೆಳಗ ಕವಲೂರವರದು ಮೆಣಸಿನಕಾಯಿ.
ಅವರಲ್ಲಿ ಹೋದರ ಮೊದಲು ಸೀನು, ಆಮ್ಯಾಲೆ ಚಾ.
ಎರಡು ಸಲ ಸುಣ್ಣ ಹೊಡಿಸ್ಯಾರ, ಮೂರು ಸಲ ಬಣ್ಣ;
ಮಿರಗದ ಮಳಿಗೆ ಗ್ವಾಡಿ ತಂಪಾತಂದ್ರ
ಒಳಗಿಂದ ಬ್ಯಾಡಗಿ ಎದ್ದು ಕುಂದರತೈತಿ.
ಹತ್ತಿಗೆ ಆ ಚಟ ಇಲ್ಲ,
ಹೋದಲ್ಲಿ ಹೋತು ಅಂದುಕೊಂಡಿದ್ದೆ.
ಫ್ಯಾನಿಗೆ ತೂತು ಕೊರದಾಗ
ತೊಲಿ ಸಂದಿಯಿಂದ ಉದುರಿತು ಒಂದು ಹಿಡಿ ಅರಳಿ,
ಹಳದಿ ಬಿದ್ದದ್ದು, ಬೀಜ ಸಮೇತ.
ಡ್ರಿಲ್ಲಿನ ಹುಡುಗ ಫಕ್ಕೀರೇಶ ಅದನ್ನ
ಅತ್ತರಿನ ಹತ್ತಿ ಇಟ್ಟಂಗ ಕಿವ್ಯಾಗ ಇಟಗೊಂಡು
ಮತ್ತ ಕೊರದ.

ತೊಲಿ ಮ್ಯಾಲೆ ಡಾಂಬರಿನ ಅಂಕಿ ೪೭,
ಪಕ್ಕದಾಗ ನಾಕು ಗೀಟು, ಅಡ್ಡ ಒಂದು.
ಬಿಲ್ಡರ್ ಅದನ್ನ ಅಳಿಸಲಿಲ್ಲ,
ಹಳೇ ಕಳೆ ಅಂತ ಚದರಡಿಗೆ ಇನ್ನೂರು ಹೆಚ್ಚಿಗಿ ಹಿಡದ.
ಪಡಸಾಲಿ ನಡುವ ಮುಂಗೈ ದಪ್ಪ ಕಬ್ಬಿಣದ ಕೊಂಡಿ:
'ಝುಂಬರ ಹಾಕ್ರಿ ಮೇಡಮ್, ನೋಡಿದವರು ನೋಡಬೇಕು.'
ಝುಂಬರಕ್ಕ ರೊಕ್ಕ ಉಳೀಲಿಲ್ಲ.
ಚೈತ್ರದಾಗ ತೊಟ್ಟಿಲು ಹಾಕಿದಿವಿ.

ಇಸ್ತ್ರಿ ಅರಿವಿ ತರೋ ಹುಡುಗಗ ಅವತ್ತು ಪರೀಕ್ಷಾ.
ಅವನ ಅಜ್ಜ ಮಕ್ತುಮಸಾಬ ಬಂದ,
ಲಿಫ್ಟು ಬಿಟ್ಟು, ಮೆಟ್ಟಿಲು ಹತ್ತಿ.
ಗಂಟು ಬಿಚ್ಚಿ ಮಂಚದ ಮ್ಯಾಲೆ ಎಣಿಸಿದ:
ಲಾಭ, ಎರಡು, ಮೂರು, ನಾಕು, ಐದು,
ಆರು, ಮತ್ತೊಂದು, ಎಂಟು.
ರೊಕ್ಕ ಕೊಟ್ಟೆ. ಹೋಗಲಿಲ್ಲ.
ಕೊಂಡಿ ನೋಡಕೋತ ನಿಂತ.
'ಎಷ್ಟು ತೂಗತೈತಿ?'

ಆಸ್ಪತ್ರ್ಯಾಗ ಎರಡೂವರಿ ಇತ್ತು,
ಈಗ ನಾಕು ಕಿಲೋ ಆಗಿರಬೇಕು ಅಂದೆ.
ಹಗ್ಗಕ್ಕ ಎರಡು ಬೆರಳು ಹಚ್ಚಿದ, ಕಣ್ಣು ಮುಚ್ಚಿದ:
'ತೊಟ್ಟಿಲಾ ಕಡೀರಿ, ಹಗ್ಗಾ ಕಡೀರಿ,
ಕೌದಿ ಕಡೀರಿ. ಮಾಲು ಹಸಿ ಐತಿ,
ಅದಕ್ಕೊಂದು ಛಟಾಕು.'
ಮುಟ್ಟಿ ನೋಡಿದೆ. ಖರೇನ ಹಸಿ.

'ಮೂವತ್ತೆರಡು ವರ್ಷ ಇಲ್ಲೇ ತೂಗೀನ್ರಿ.
ಚೀಲದ ಕಡತ, ಹಸಿ ಕಡತ, ಕಸರಿನ ಕಡತ,
ಧರ್ಮಕ್ಕಂತ ಒಂದು. ಯಾವ ಧರ್ಮ, ಕೇಳಲಿಲ್ಲ ನಾನು.
ಹತ್ತಿ ತಂದವರು ಕೆಳಗ ಗಾಡಿ ಕಡೆ ನಿಂತು
ಕುತ್ತಿಗಿ ಎತ್ತಿ ನೋಡೋರು.
ಅವರಿಗೆ ಕಾಣೋದು ತಕ್ಕಡಿ ಬುಡ.'
ಬಲಗೈ ಕಿರಿಬೆರಳು ಎತ್ತಿ ತೋರಿಸಿದ,
ತುದಿಗೆ ಸೊಟ್ಟ:
'ಇದರ ತೂಕ ಒಬ್ಬರೂ ಕಡೀಲಿಲ್ರಿ.'

ನೀರು ಕುಡದ. ಲೋಟ ಬೋರಲಾ ಇಟ್ಟ.
'ಚಲೋ ಆತು. ನೀವು ತೂಗ್ರಿ ಇನ್ನ'
ಅಂದು ಮೆಟ್ಟಿಲು ಇಳದ.

ಅರಿವಿ ಮಡಚಿಡುವಾಗ ನೋಡಿದೆ, ಒಂಬತ್ತು ಇದ್ದುವು.
ಬ್ಯಾರೆಯವರದೊಂದು ನೀಲಿ ಅಂಗಿ,
ಕಾಲರಿಗೆ ಬಂದಿಲ್ಲದ ಗುರುತು.
ಎಣಿಕಿ ತಪ್ಪಿತೋ, ತಪ್ಪಿಸಿದನೋ.

ರಾತ್ರಿ ಕರೆಂಟು ಹೋತು.
ಕಿಟಕ್ಯಾಗ ದೂರ ಕಪ್ಪತಗುಡ್ಡದ ಗಾಳಿಗಿರಣಿ,
ಒಂದೊಂದರ ನೆತ್ತಿಗೆ ಕೆಂಪು ದೀಪ, ಹತ್ತಿ ಆರತಿದ್ದುವು.
ಮನಿಯವರು ಕತ್ತಲಾಗ ಕಂತಿನ ಲೆಕ್ಕ ಹೇಳತಿದ್ದರು,
ಇನ್ನೂರಾ ಮೂವತ್ತೊಂದು ಉಳದಾವ ಅಂತ.
ಕೂಸು ಅಳತು. ಹಗ್ಗ ಹಿಡದೆ. ತೂಗಿದೆ.
ಲಾಭ. ಎರಡು. ಮೂರು.
ಆರಕ್ಕ ಸುಮ್ಮನಾತು, ಮತ್ತೊಂದಕ್ಕ ನಿದ್ದಿ.

ತೊಟ್ಟಿಲ ಅಂಚಿನ ಮ್ಯಾಲೆ ನನ್ನ ಕಿರಿಬೆರಳಿತ್ತು.
ತಗದೆ.
ಕೆಳಗಿನ ಮಜಲ್ಯಾಗ ಯಾರೋ ಸೀನಿದರು.